ಪಟ್ಟಿಯ ಕಾಲದಿಂದ ಡ್ರೈವಿನ ಕಾಲಕ್ಕೆ

ಯಂತ್ರಶಾಲೆಯ ಚರಿತ್ರೆಯನ್ನು ಬರೆಯಹೊರಟವರು ಅಲ್ಲಿ ಯಾವ ಸರಕು ತಯಾರಾಯಿತು, ಯಾರು ಬಂಡವಾಳ ಹೂಡಿದರು, ಎಷ್ಟು ಮಂದಿ ದುಡಿದರು ಎಂಬುದನ್ನು ಹೇಳಿ ಮುಗಿಸುವರೇ ಹೊರತು, ಅಲ್ಲಿಯ ಯಂತ್ರಗಳ ವೇಗವನ್ನು ಯಾವುದು ನಿಶ್ಚಯಿಸುತ್ತಿತ್ತು, ಅವು ನಿಂತುಹೋದ ದಿನ ಕುಶಲಕರ್ಮಿಯು ಏನನ್ನು ಮುಟ್ಟಿ, ಏನನ್ನು ಆಲಿಸಿ ದೋಷದ ಮೂಲವನ್ನು ಕಂಡುಕೊಂಡನು ಎಂಬ ಸಂಗತಿಗಳನ್ನು ಗ್ರಂಥಸ್ಥಗೊಳಿಸುವುದು ವಿರಳ. ಹೈದರಾಬಾದಿನ ಮಟ್ಟಿಗೆ ಹೀಗೆ ಬಿಟ್ಟುಹೋದ ಭಾಗವೇ ಹೆಚ್ಚು ಸಾರವತ್ತಾದುದೆಂದು ನಾನು ಭಾವಿಸುತ್ತೇನೆ. ಆ ನಗರದ ಕಥೆ ಕನ್ನಡಿಗರಿಗೆ ಪರಕೀಯವೂ ಅಲ್ಲ. 1956ರ ವರೆಗೆ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳಿಗೆ ಈ ನಗರವೇ ರಾಜಧಾನಿಯಾಗಿತ್ತು.

ನಿಜಾಮ ಸಂಸ್ಥಾನದ ಯಂತ್ರಯುಗಕ್ಕೆ ಆಧಾರವಾದುದು ಕಲ್ಲಿದ್ದಲು. ಸಿಂಗರೇಣಿ ಗಣಿಪ್ರದೇಶದ ಯೆಲ್ಲಂದುವಿನಲ್ಲಿ 1889ರಲ್ಲಿ ಗಣಿಗಾರಿಕೆ ಮೊದಲಾಯಿತು. ನಾಲ್ಕು ವರ್ಷಗಳ ತರುವಾಯ ಸಿಕಂದರಾಬಾದಿನ ಲಾಲಾಗುಡದಲ್ಲಿ ರೈಲ್ವೆ ಕಾರ್ಯಾಗಾರವು ತಲೆಯೆತ್ತಿತು. 1903ರಲ್ಲಿ ಸೈಫಾಬಾದಿನ ಟಂಕಸಾಲೆಯು ಯಂತ್ರಗಳಿಂದ ನಾಣ್ಯಗಳನ್ನು ಮುದ್ರಿಸತೊಡಗಿತು. ಆ ಕಾಲದ ಯಂತ್ರಶಾಲೆಗಳಲ್ಲಿ ಒಂದೊಂದು ಯಂತ್ರಕ್ಕೂ ಪ್ರತ್ಯೇಕವಾದ ಚಾಲಕಶಕ್ತಿಯಿರುವ ವಾಡಿಕೆ ಇರಲಿಲ್ಲ. ಶಾಲೆಯ ಒಂದು ಮೂಲೆಯಲ್ಲಿ ಉಗಿಯಂತ್ರ; ಅದರಿಂದ ಹೊರಟು ಛಾವಣಿಯ ಕೆಳಗೆ ಉದ್ದಕ್ಕೂ ಹಾಯ್ದ ಉಕ್ಕಿನ ದಂಡ; ದಂಡದ ಮೇಲೆ ಸಾಲಾಗಿ ರಾಟೆಗಳು; ಪ್ರತಿಯೊಂದು ರಾಟೆಯಿಂದಲೂ ಲೇತಿಗೋ ಕೊರೆಯುವ ಯಂತ್ರಕ್ಕೋ ಇಳಿದ ಚರ್ಮದ ಪಟ್ಟಿ. ವೇಗವನ್ನು ಬದಲಿಸಬೇಕಾದರೆ ಮೆಟ್ಟಿಲುಮೆಟ್ಟಿಲಾದ ರಾಟೆಯಲ್ಲಿ ಪಟ್ಟಿಯನ್ನು ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಸರಿಸಬೇಕಾಗಿತ್ತು. ಆ ವ್ಯವಸ್ಥೆಯಲ್ಲಿ ಅಪಾಯವು ಬಹಳವಿದ್ದರೂ, ದೋಷವು ಮಾತ್ರ ಕಣ್ಣಿಗೆ ಮರೆಯಾಗಿರುತ್ತಿರಲಿಲ್ಲ: ಪಟ್ಟಿ ಜಾರಿದರೆ ಸುಟ್ಟ ಚರ್ಮದ ವಾಸನೆ ಬರುತ್ತಿತ್ತು, ಬೇರಿಂಗು ಒಣಗಿದರೆ ಕಿರುಚುತ್ತಿತ್ತು, ದಂಡ ಬಾಗಿದರೆ ಪಟ್ಟಿಗಳೆಲ್ಲವೂ ತಾಳ ತಪ್ಪಿ ಬಡಿದುಕೊಳ್ಳುತ್ತಿದ್ದವು.

ಸಿಂಗರೇಣಿಯ ಕಲ್ಲಿದ್ದಲಿನಿಂದ ನಡೆಯುವ ವಿದ್ಯುದಾಗಾರವು ಹುಸೇನ್ ಸಾಗರದ ದಡದ ಮೇಲೆ 1920ರಲ್ಲಿ ಸ್ಥಾಪಿತವಾದುದು ಈ ಕಥೆಯ ಮೊದಲ ತಿರುವು. (ಈಗ ಅಲ್ಲಿ ಸುತ್ತಾಡುವವರಿಗೆ ಅದರ ಕುರುಹೇ ಸಿಕ್ಕದು, ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅದನ್ನು ಕೆಡವಿದ್ದು ನಗರಕ್ಕೆ ನಷ್ಟವೆಂದೇ ನನ್ನ ಅಭಿಪ್ರಾಯ.) ಛಾವಣಿಯ ದಂಡವು ಕ್ರಮೇಣ ಕೆಳಗಿಳಿದು, ಪ್ರತಿಯೊಂದು ಯಂತ್ರವೂ ತನ್ನದೇ ಆದ ಮೋಟಾರನ್ನು ಪಡೆಯಿತು. 1942ರಲ್ಲಿ ಆಲ್ವಿನ್, 1943ರಲ್ಲಿ ಪ್ರಾಗಾ ಟೂಲ್ಸ್ ಕಾರ್ಖಾನೆಗಳು ಹುಟ್ಟಿಕೊಂಡವು. ಸ್ವಾತಂತ್ರ್ಯಾನಂತರ ಸನತ್‌ನಗರ, ಬಾಲಾನಗರಗಳ ಕೈಗಾರಿಕಾ ವಸಾಹತುಗಳು ಬೆಳೆದವು. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಸಂಸ್ಥೆಯೂ 1960ರ ದಶಕದಲ್ಲಿ ಇಲ್ಲಿ ತನ್ನ ಘಟಕವನ್ನು ತೆರೆಯಿತು. 1968ರಲ್ಲಿ ಬಾಲಾನಗರದಲ್ಲಿ ಕೇಂದ್ರ ಉಪಕರಣ ವಿನ್ಯಾಸ ಸಂಸ್ಥೆಯು ಶಿಕ್ಷಣವನ್ನಾರಂಭಿಸಿತು. ಈ ವಸಾಹತುಗಳ ಸಣ್ಣ ಷೆಡ್ಡುಗಳಿಗೆ ಬೇಕಾದ ಮೋಟಾರು, ಪಂಪು, ಬೇರಿಂಗುಗಳಿಗೆಲ್ಲ ಸಿಕಂದರಾಬಾದಿನ ರಾಣಿಗಂಜಿನ ಪೇಟೆಯೇ ಭಂಡಾರವಾಯಿತು. ದಕ್ಷಿಣದ ಯಂತ್ರಶಾಲೆಗಳಿಗೆ ಆ ದಿನಗಳಲ್ಲಿ ಸಲಕರಣೆಗಳನ್ನು ಒದಗಿಸಿದ ಹೆಸರುಗಳಲ್ಲಿ ಕನ್ನಡನಾಡಿನವು ಹಲವು: ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತು, ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ಕಿನ ಮೋಟಾರು, ಎನ್.ಜಿ.ಇ.ಎಫ್.ನ ಮೋಟಾರು.

ಆದರೆ ಈ ಮೋಟಾರಿಗೆ ಒಂದು ಹಟವಿತ್ತು. ಪರ್ಯಾಯ ಪ್ರವಾಹದ ಮೋಟಾರಿನ ವೇಗವು ಎರಡೇ ಸಂಗತಿಗಳನ್ನು ಅವಲಂಬಿಸಿದೆ: ಅದರೊಳಗಿನ ಧ್ರುವಗಳ ಸಂಖ್ಯೆ ಮತ್ತು ವಿದ್ಯುತ್ತಿನ ಆವರ್ತನ. ಸೆಕೆಂಡಿಗೆ 50 ಆವರ್ತನದ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರವು ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಮೋಟಾರು ಅದಕ್ಕಿಂತ ತುಸು ಹಿಂದೆಬಿದ್ದು 1440ರ ಆಸುಪಾಸಿನಲ್ಲಿ ಓಡುವುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 25 ಆವರ್ತನದ್ದಾಗಿತ್ತು. ಆ ತಂತಿಗೆ ಜೋಡಿಸಿದ್ದರೆ ಅದೇ ಮೋಟಾರು ಅರ್ಧ ವೇಗದಲ್ಲಿ ತಿರುಗುತ್ತಿತ್ತು. ಅಂದರೆ ಷೆಡ್ಡಿನೊಳಗಣ ಲೇತಿನ ವೇಗವನ್ನು ದೂರದ ವಿದ್ಯುದಾಗಾರವು ನಿಶ್ಚಯಿಸುತ್ತಿದ್ದಿತು. ಕೆಲಸಗಾರನಿಗೆ ಉಳಿದುದು ಹಲ್ಲುಚಕ್ರ ಮತ್ತು ರಾಟೆಗಳ ಮೂಲಕ ಅದನ್ನು ಹಂಚಿಕೊಳ್ಳುವ ಸ್ವಾತಂತ್ರ್ಯವಷ್ಟೆ.

ಆ ನಿರ್ಣಯಾಧಿಕಾರವನ್ನು ಷೆಡ್ಡಿನ ಗೋಡೆಗೆ ತಂದುದು ಡ್ರೈವು ಎಂಬ ಪೆಟ್ಟಿಗೆ. 1957ರಲ್ಲಿ, ಭಾರಿ ಪ್ರವಾಹವನ್ನು ಬೇಕೆಂದಾಗ ಹರಿಸಬಲ್ಲ ಅರೆವಾಹಕ ಸಾಧನವಾದ ಥೈರಿಸ್ಟರು ಬಂದಿತು. 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪನಿಯು ಆವರ್ತನವನ್ನು ಬದಲಿಸುವ ಪೆಟ್ಟಿಗೆಗಳನ್ನು ಮಾರಾಟಕ್ಕೆಂದು ತಯಾರಿಸಿತು. ಅವು ನಮ್ಮ ಸಣ್ಣ ಷೆಡ್ಡುಗಳ ಕೈಗೆಟಕುವಷ್ಟು ಅಗ್ಗವಾಗಲು ಬಹುಕಾಲ ಹಿಡಿಯಿತು. ಒಳಬರುವ 415 ವೋಲ್ಟಿನ ಪರ್ಯಾಯ ಪ್ರವಾಹವನ್ನು ಡ್ರೈವು ಮೊದಲು ಸುಮಾರು 587 ವೋಲ್ಟಿನ ಏಕಮುಖ ಪ್ರವಾಹವನ್ನಾಗಿ ಮಾಡಿ, ಕೆಪಾಸಿಟರುಗಳಲ್ಲಿ ತುಂಬಿಟ್ಟು, ಅದನ್ನು ಅತಿ ಸಣ್ಣ ತುಣುಕುಗಳಾಗಿ ಕತ್ತರಿಸಿ, ಕೆಲಸಗಾರನು ಗುಂಡಿ ತಿರುಗಿಸಿ ಕೇಳಿದ ಆವರ್ತನದಲ್ಲಿ ಮೋಟಾರಿಗೆ ಕಳುಹಿಸುವುದು. ಒಂದೇ ಫೇಸಿನ ಸರಬರಾಜಿರುವ ಕೋಣೆಯಲ್ಲಿಯೂ ಮೂರು ಫೇಸಿನ ಲೇತನ್ನು ಓಡಿಸುವುದು ಇದರಿಂದ ಸಾಧ್ಯವಾಯಿತು. ಆದರೆ ದೋಷವು ಕಣ್ಣಿಗೂ ಮೂಗಿಗೂ ಕಾಣದ ಪೆಟ್ಟಿಗೆಯೊಳಗೆ ಅಡಗಿಕೊಂಡಿತು. ಯಂತ್ರ ನಿಂತರೆ ಪೆಟ್ಟಿಗೆಯ ಮುಖದ ಮೇಲೆ ಒಂದು ಸಂಕೇತಾಕ್ಷರ ಮಿನುಗುತ್ತದೆ. ಡ್ರೈವು ಟ್ರಿಪ್ ಆಯಿತೆಂದು, ಅಂದರೆ ತಾನಾಗಿಯೇ ಕೆಲಸ ನಿಲ್ಲಿಸಿತೆಂದು, ಎಲ್ಲರೂ ಡ್ರೈವನ್ನೇ ದೂರುತ್ತಾರೆ.

ಇದು ಅನ್ಯಾಯ. ಸಂಕೇತವು ತಿಳಿಸುವುದು ಪರಿಣಾಮವನ್ನು. ಕಾರಣವು ಬಹುವೇಳೆ ಮೋಟಾರಿನಲ್ಲಿಯೋ ಯಂತ್ರದಲ್ಲಿಯೋ ಇರುವುದು. ಲೋಹದ ತುಂಡನ್ನು ಹಿಡಿದು ತಿರುಗುವ ಚಕ್ಕು ದೊಡ್ಡದಾಗಿರುವ ಹಳೆಯ ಲೇತೊಂದನ್ನು ಗಮನಿಸಿರಿ. ಓಡುವಾಗ ಯಾವ ತಕರಾರೂ ಇಲ್ಲ. ನಿಲ್ಲಿಸಲೆಂದು ಗುಂಡಿಯೊತ್ತಿದೊಡನೆ ಅಧಿಕ ವೋಲ್ಟೇಜೆಂದು ಟ್ರಿಪ್ ಆಗುತ್ತದೆ. ತಂತಿಯಲ್ಲಿ ವೋಲ್ಟೇಜು ಏರಿದುದಲ್ಲ. ಭಾರವಾದ ಚಕ್ಕು ತನ್ನ ವೇಗದಿಂದಲೇ ಮೋಟಾರನ್ನು ತಿರುಗಿಸಿ, ಅದನ್ನು ಡೈನಮೋ ಆಗಿ ಮಾರ್ಪಡಿಸಿ, ಶಕ್ತಿಯನ್ನು ಹಿಂದಕ್ಕೆ ಡ್ರೈವಿನೊಳಗೆ ತಳ್ಳುತ್ತಿದೆ. 587ರಲ್ಲಿದ್ದ ಕೆಪಾಸಿಟರಿನ ವೋಲ್ಟೇಜು 800ರ ಸಮೀಪಕ್ಕೆ ನೆಗೆದಾಗ ಡ್ರೈವು ಆತ್ಮರಕ್ಷಣೆಗಾಗಿ ಕಣ್ಣುಮುಚ್ಚಿಕೊಳ್ಳುತ್ತದೆ. ನಿಲ್ಲುವ ಅವಧಿಯನ್ನು ಹೆಚ್ಚಿಸಬೇಕು, ಇಲ್ಲವೇ ಆ ಶಕ್ತಿಯನ್ನು ಶಾಖವಾಗಿ ಕರಗಿಸುವ ಬ್ರೇಕ್ ರೆಸಿಸ್ಟರನ್ನು ಜೋಡಿಸಬೇಕು. ಇದನ್ನರಿಯದೆ ಹೊಸ ಡ್ರೈವನ್ನು ಕೊಂಡುತಂದರೆ, ಅದೂ ಅದೇ ಸಂಕೇತವನ್ನು ತೋರಿಸುವುದು.

ಮತ್ತೊಂದು ಸಾಮಾನ್ಯ ದೋಷವು ಜೋಡಣೆಯದು. ನಮ್ಮಲ್ಲಿ ಮೂರು ಅಶ್ವಶಕ್ತಿಯ ವರೆಗಿನ ಮೋಟಾರುಗಳು ಹೆಚ್ಚಾಗಿ 415 ವೋಲ್ಟಿಗೆ ಸ್ಟಾರ್ ಕ್ರಮದಲ್ಲಿ, ಅಂದರೆ ಮೂರು ವೈಂಡಿಂಗುಗಳ ಒಂದೊಂದು ತುದಿಯನ್ನು ಒಂದೇ ಗಂಟಿಗೆ ಸೇರಿಸಿ, ಕಟ್ಟಲ್ಪಟ್ಟವು. ಒಂದು ಫೇಸಿನ ಡ್ರೈವು ಕೊಡಬಲ್ಲುದು 230 ವೋಲ್ಟು ಮಾತ್ರ. ಮೋಟಾರನ್ನು ವೈಂಡಿಂಗುಗಳು ತ್ರಿಕೋನವಾಗಿ ಕೂಡುವ ಡೆಲ್ಟಾ ಕ್ರಮಕ್ಕೆ ಬದಲಿಸದೆ ಹಾಗೆಯೇ ಜೋಡಿಸಿದರೆ ತಿರುಚುಬಲವು ಮೂರರಲ್ಲಿ ಒಂದು ಪಾಲಿಗೆ ಕುಗ್ಗಿ, ಉಳಿಯು ಲೋಹವನ್ನು ಮುಟ್ಟಿದೊಡನೆ ಯಂತ್ರ ನಿಲ್ಲುತ್ತದೆ. ಸ್ಟಾರಿನ ಗಂಟು ವೈಂಡಿಂಗಿನೊಳಗೇ ಹೂತುಹೋಗಿ ಹೊರಗೆ ಮೂರೇ ತಂತಿ ಕಾಣುವ ಮೋಟಾರಾದರಂತೂ, ಕವಚವನ್ನು ಬಿಚ್ಚಿ ಆ ಗಂಟನ್ನು ಹುಡುಕಿ ಆರು ತುದಿಗಳನ್ನೂ ಹೊರತರಬಲ್ಲ ವೈಂಡಿಂಗ್ ಕೆಲಸಗಾರನೇ ಗತಿ. ಇಂಥವರ ಅಂಗಡಿಗಳನ್ನು ಹಳೆಯ ಕಾಲದ ಅವಶೇಷಗಳೆಂದು ಎಣಿಸುವವರಿಗೆ ಡ್ರೈವಿನ ಸ್ವಭಾವವೇ ತಿಳಿಯದೆನ್ನಬೇಕು. ಕತ್ತರಿಸಿದ ವೋಲ್ಟೇಜಿನ ಚೂಪಾದ ಅಲೆಗಳು, ಅದರಲ್ಲಿಯೂ ಕೇಬಲು ಉದ್ದವಾಗಿದ್ದಲ್ಲಿ, ವೈಂಡಿಂಗಿನ ಮೊದಲ ಸುತ್ತುಗಳ ಮೇಲೆಯೇ ಬಡಿಯುವುದರಿಂದ, ದಶಕಗಳ ಹಿಂದಿನ ವಾರ್ನಿಷು ಬಿರಿದು ಮೋಟಾರು ಸುಡುವ ಸಂಭವ ಹೆಚ್ಚು. ನಿಧಾನ ವೇಗದಲ್ಲಿ ಬಹುಹೊತ್ತು ದುಡಿಸಿದರೆ, ಮೋಟಾರಿನ ದಂಡದ ಮೇಲೆಯೇ ಇರುವ ಬೀಸಣಿಗೆಯೂ ನಿಧಾನವಾಗಿ ತಿರುಗಿ ತಂಪು ಸಾಲದಾಗುವುದು.

ಆದುದರಿಂದ ನುರಿತವರು ಅನುಸರಿಸುವ ಕ್ರಮವು ಪಟ್ಟಿಯ ಕಾಲದ್ದೇ: ಜೋಡಿಸಿದ್ದನ್ನು ಬಿಡಿಸಿ, ಒಂದೊಂದನ್ನೇ ಪರೀಕ್ಷಿಸುವುದು. ವಿದ್ಯುತ್ತನ್ನು ಕಡಿದ ಮೇಲೆ ಕೆಪಾಸಿಟರು ಬರಿದಾಗಲು ಕನಿಷ್ಠ ಐದು ನಿಮಿಷ ಕಾದು, ಮೀಟರಿನಿಂದ ಖಚಿತಪಡಿಸಿಕೊಂಡೇ ಮುಚ್ಚಳ ತೆಗೆಯುವರು. ಅನಂತರ ಮೋಟಾರನ್ನು ಡ್ರೈವಿನಿಂದ ಪೂರ್ಣವಾಗಿ ಬೇರ್ಪಡಿಸುವರು. ಏಕೆಂದರೆ ನಿರೋಧಕತೆಯನ್ನು ಅಳೆಯುವ ಮೆಗ್ಗರಿನ 500 ವೋಲ್ಟು ಡ್ರೈವಿನೊಳಕ್ಕೆ ಹರಿದರೆ ಒಳ್ಳೆಯ ಡ್ರೈವೂ ಹಾಳಾಗುವುದು. ಮೋಟಾರಿಲ್ಲದೆ ಡ್ರೈವು ಟ್ರಿಪ್ ಆಗದಿದ್ದರೆ ಸಂಶಯವು ಕೇಬಲಿಗೂ ಮೋಟಾರಿಗೂ ಸರಿಯುತ್ತದೆ. ಅಲ್ಲಿ ನಿರೋಧಕತೆ ಸರಿಯಿದ್ದರೆ ಪಟ್ಟಿಯನ್ನು ಕಳಚಿ, ಮೋಟಾರನ್ನು ಬರಿದೆ ಓಡಿಸಿ, ಮೂರು ಫೇಸುಗಳ ಪ್ರವಾಹವೂ ಸಮವಾಗಿದೆಯೇ ಎಂದು ಅಳೆಯುವರು. ಸಮವಾಗಿದ್ದರೆ ಉಳಿದುದು ಯಂತ್ರ: ಆಗ ಲೇತಿನ ಚಕ್ಕನ್ನು ಕೈಯಿಂದಲೇ ತಿರುಗಿಸಿ, ಎಲ್ಲಿ ಬಿಗಿಯುತ್ತದೆಂದು ನೋಡಿ, ಬೇರಿಂಗಿನ ಮುಚ್ಚಳವನ್ನು ಬಿಚ್ಚುವರು.