ಬಣ್ಣದ ಹಿಂದಿನ ಕಥೆ, ಕಥೆಯೊಳಗಿನ ಕೋಣ

ಜಾತ್ರೆ ಹತ್ತಿರ ಬಂತೆಂದರೆ ದ್ಯಾಮವ್ವಗ ಬಣ್ಣ ಹಚ್ಚತಾರ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಟ್ಟಿಗೆಯ ದೇವಿಯನ್ನು ಕೆಳಗಿಳಿಸಿ, ಹಳೆಯ ಬಣ್ಣ ಕೆರೆದು, ಸೀಳಿದ್ದನ್ನು ಮುಚ್ಚಿ, ಹೊಸದಾಗಿ ಮುಖ ಬರೆಯುತ್ತಾರೆ. ಕೆಂಪು ಮುಖ, ಅಗಲ ಕಣ್ಣು, ಕೈತುಂಬ ಆಯುಧ. ಸಣ್ಣವರಿದ್ದಾಗ ನಾವು ಇದನ್ನು ದೂರ ನಿಂತು ನೋಡಿದವರು. ಜಾತ್ರೆಯಲ್ಲಿ ಹಲಗೆ ಬಾರಿಸೋದು ನಮ್ಮ ಕೇರಿಯ ಪಾಲಿಗೆ. ಕೋಣನ ಹಗ್ಗ ಹಿಡಿಯೋದು ನಮ್ಮ ಪಾಲಿಗೆ. ಸತ್ತ ಕೋಣ ಎಳೆಯೋದೂ ನಮ್ಮ ಪಾಲಿಗೆ. ದೇವಿ ಮಾತ್ರ ಊರವರ ಪಾಲಿಗೆ.

ಯಾಕ ಹಿಂಗ ಅಂತ ಕೇಳಿದರೆ ಹಿರಿಯರು ಒಂದು ಕಥೆ ಹೇಳುತ್ತಿದ್ದರು. ಕೇರಿಯ ಹುಡುಗನೊಬ್ಬ ಜಾತಿ ಮುಚ್ಚಿಟ್ಟು, ಬ್ರಾಹ್ಮಣನೆಂದು ಹೇಳಿಕೊಂಡು, ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಮಕ್ಕಳೂ ಆದವು. ಒಂದು ದಿನ ಅವನ ತಾಯಿ ಮಗನ ಮನೆಗೆ ಬಂದಳು. ಸೊಸೆ ಸಿಹಿ ಅಡಿಗೆ ಮಾಡಿ ಬಡಿಸಿದಳು. ಮುದುಕಿ ಬಾಯಲ್ಲಿಟ್ಟುಕೊಂಡು, ‘ಎಷ್ಟು ರುಚಿ ಐತಿ ಮಗನ, ಥೇಟ್ ಎಮ್ಮಿ ನಾಲಗಿ ಇದ್ದಂಗ ಐತಿ’ ಅಂದುಬಿಟ್ಟಳು. ಅಷ್ಟೇ. ಗುಟ್ಟು ಒಡೆಯಿತು. ಹೆಂಡತಿ ಉರಿದೆದ್ದು ಮಾರಿಯಾದಳು. ಗಂಡ ಓಡಿಹೋಗಿ ಕೋಣನೊಳಗೆ ಅಡಗಿದ. ಅವಳು ಕೋಣನನ್ನೇ ಕಡಿದಳು. ಅಂದಿನಿಂದ ಪ್ರತಿ ಜಾತ್ರೆಗೂ ಅವನು ಕೋಣನಾಗಿ ಸಾಯಬೇಕು.

ಈ ಕಥೆ ನಮ್ಮ ಸೀಮೆಗಷ್ಟೇ ಸೇರಿದ್ದಲ್ಲ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ಪುಸ್ತಕ ಬರೆದ. ಅದರಲ್ಲಿಯೂ ಇದೇ ಮದುವೆ, ಇದೇ ಎಮ್ಮೆ ನಾಲಗೆ. ಇಷ್ಟೊಂದು ಊರುಗಳಲ್ಲಿ ಒಂದೇ ಕಥೆ ಬೇರೂರಿದೆಯೆಂದರೆ ಅದನ್ನು ಸುಮ್ಮನೆ ಹೊತ್ತು ಕಳೆಯಲು ಹೇಳಿದ್ದಲ್ಲ. ಅದಕ್ಕೊಂದು ಕೆಲಸವಿದೆ. ಜಾತಿ ಮೀರಿ ಮದುವೆಯಾದರೆ ಕೊರಳು ಹೋಗುತ್ತದೆ ಎಂದು ಅದು ಕೇರಿಯ ಮಕ್ಕಳಿಗೆ ಕಲಿಸುತ್ತದೆ. ಅದನ್ನೂ ನಮ್ಮ ಬಾಯಿಂದಲೇ ಹೇಳಿಸುತ್ತದೆ, ನಮ್ಮ ಹಲಗೆಯಿಂದಲೇ ಸಾರಿಸುತ್ತದೆ.

ದೇವರ ಚಿತ್ರವನ್ನು ಮಾಡಿಸುವವನು ಯಾವಾಗಲೂ ಗೆದ್ದವನೇ. ಹಿರೇಕೆರೂರು ತಾಲೂಕಿನ ಅಬ್ಬಲೂರಿಗೆ ಹೋಗಿ ನೋಡಿರಿ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಪವಾಡವನ್ನು ಕಲ್ಲಲ್ಲಿ ಕಡೆದು, ಯಾರು ಯಾರೆಂದು ಅಕ್ಷರವನ್ನೂ ಬರೆದಿದ್ದಾರೆ. 1200ರ ಸುಮಾರಿನ ದೊಡ್ಡ ಶಾಸನವೂ ಅದೇ ಕಥೆ ಹೇಳುತ್ತದೆ. ರಾಮಯ್ಯ ತಲೆ ಕಡಿದುಕೊಂಡ, ಶಿವ ಮತ್ತೆ ಕೂಡಿಸಿದ, ಜೈನರು ಸೋತರು. ಸೋತ ಜೈನರು ಈ ಕಥೆಯನ್ನು ಹೇಗೆ ಹೇಳುತ್ತಿದ್ದರು? ಆ ಗೋಡೆಯಲ್ಲಿ ಅದಕ್ಕೆ ಜಾಗವಿಲ್ಲ. ಮಾರಿಯ ಕಾಲಡಿಯ ಕೋಣನಿಗೂ ಅದೇ ಗತಿ. ಅವನ ಮಾತು ಯಾವ ಚಿತ್ರದಲ್ಲೂ ಇಲ್ಲ.

ಹಂಗಾದರ ಅದನ್ನು ಓದೋದು ಹೆಂಗ? ಪಕ್ಕದ ಶಿರಸಿಯ ಗುಡಿಯ ಗೋಡೆಗಳೇ ದಾರಿ ತೋರಿಸುತ್ತವೆ. ಶಿರಸಿಯ ಮಾರಿಕಾಂಬೆ ಮೂಲದಲ್ಲಿ ಹಾನಗಲ್ಲಿನವಳು ಎಂದು ಐತಿಹ್ಯ. ಕಳ್ಳರು ಪೆಟ್ಟಿಗೆಯಲ್ಲಿದ್ದ ಒಡವೆ ದೋಚಿ ದೇವಿಯನ್ನು ಶಿರಸಿಯ ಕೆರೆಗೆ ಎಸೆದರಂತೆ. 1689ರಲ್ಲಿ ಅಲ್ಲಿ ಪ್ರತಿಷ್ಠೆಯಾಯಿತು ಎನ್ನುತ್ತಾರೆ. ಅವಳದೂ ಕಟ್ಟಿಗೆಯ, ಬಣ್ಣದ ಮೂರ್ತಿ. ಅವಳದೂ ಇದೇ ಮದುವೆಯ ಕಥೆ. ಆ ಗುಡಿಯ ಗೋಡೆಗಳ ಮೇಲೆ ಕಾವಿ ಚಿತ್ರಗಳಿವೆ. ಕಾವಿ ಚಿತ್ರವನ್ನು ಕುಂಚದಿಂದ ಬರೆಯುವುದಿಲ್ಲ. ಸುಣ್ಣದ ಗೋಡೆಯ ಮೇಲೆ ಕೆಂಪು ಕಾವಿಯ ಗಿಲಾವು ಹಚ್ಚಿ, ಆ ಕೆಂಪನ್ನು ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲಿ ಅಡಿಯ ಬಿಳುಪು ಮೂಡುತ್ತದೆ. ನಾವೂ ಈ ಕಥೆಯನ್ನು ಹಾಗೆ ಕೆರೆದು ನೋಡಬೇಕು. ದೇವಿಯ ಕೋಪ, ಶಾಪ, ಪವಾಡ ಎಲ್ಲ ಮೇಲಿನ ಕೆಂಪು. ಕೆಳಗೆ ಏನಿದೆ? ಗಂಡು ಹೆಣ್ಣು ಕೂಡಿ ಬಾಳುತ್ತಿದ್ದ ಒಂದು ಮನೆ. ಮಕ್ಕಳಿದ್ದ ಮನೆ. ಜಾತಿ ತಿಳಿಯುವ ತನಕ ಎಲ್ಲ ಸರಿಯಾಗಿಯೇ ಇದ್ದ ಮನೆ. ತಿಳಿದ ಮೇಲೆ ಒಂದು ಕೊಲೆ.

1934ರಲ್ಲಿ ಗಾಂಧಿ ಶಿರಸಿಗೆ ಬಂದರು. ಕೋಣನ ಬಲಿ ನಡೆಯುವ ಆ ಗುಡಿಯೊಳಗೆ ಹೋಗಲು ಒಪ್ಪಲಿಲ್ಲ. ಮುಂದೆ ಅಲ್ಲಿ ಬಲಿ ನಿಂತಿತು. 1959ರಲ್ಲಿ ಪ್ರಾಣಿಬಲಿ ತಡೆಯುವ ಕಾನೂನು ಬಂತು, 1975ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಒಳ್ಳೆಯದೇ ಆಯಿತು. ಆದರೆ ಉಳಿದದ್ದು ಪ್ರಾಣಿಯ ಜೀವ. ಕಥೆಯೊಳಗಿನ ಮನುಷ್ಯನಿಗೆ ಯಾವ ಕಾನೂನೂ ಬರಲಿಲ್ಲ. ಅವನು ಇನ್ನೂ ಮೋಸಗಾರನೇ.

ಮೋಸ ಅಂದರೇನು? ವೇಷ ಹಾಕಿದ್ದೇ ಮೋಸವಾದರೆ ಹಾನಗಲ್ಲಿನಲ್ಲೇ ನಿಂತು ಇನ್ನೊಂದು ಕಥೆ ಕೇಳೋಣ. ಹಳೆಯ ಪಾನುಂಗಲ್ಲನ್ನು ಶಾಸನಗಳು ವಿರಾಟನಕೋಟೆ ಎಂದೂ ಕರೆಯುತ್ತವೆ. ಇತಿಹಾಸಕಾರರು ವಿರಾಟನ ಮತ್ಸ್ಯದೇಶವನ್ನು ರಾಜಸ್ಥಾನದ ಬೈರಾಟದಲ್ಲಿ ಗುರುತಿಸುತ್ತಾರೆ. ಆದರೆ ನಮ್ಮ ಜನಕ್ಕೆ ಹಾನಗಲ್ಲೇ ವಿರಾಟನಗರಿ. ಪಾಂಡವರು ಒಂದು ವರ್ಷ ವೇಷ ಮರೆಸಿಕೊಂಡಿದ್ದ ಊರು. ಧರ್ಮರಾಜ ಅಲ್ಲಿ ಏನಂತ ಹೇಳಿಕೊಂಡ? ‘ನಾನು ಕಂಕ, ಬ್ರಾಹ್ಮಣ’ ಅಂದ. ಕ್ಷತ್ರಿಯ ಬ್ರಾಹ್ಮಣನಾಗಿ ಅರಸನ ಪಕ್ಕ ಕೂತು ಪಗಡೆ ಆಡಿದ. ಅದಕ್ಕೆ ಅಜ್ಞಾತವಾಸ ಎಂಬ ಗೌರವದ ಹೆಸರು. ಹೊತ್ತು ತಿರುಗಿದಾಗ ವಿರಾಟ ಅವನನ್ನು ಸಿಂಹಾಸನಕ್ಕೆ ಕರೆದ, ಮಗಳನ್ನು ಪಾಂಡವರ ಮನೆಗೇ ಕೊಟ್ಟ. ನಮ್ಮ ಕೇರಿಯ ಹುಡುಗನೂ ಅದೇ ಮಾತು ಹೇಳಿದ: ‘ನಾನು ಬ್ರಾಹ್ಮಣ’. ಅವನಿಗೆ ಕೋಣನ ಕೊರಳು ಬಂತು. ಒಂದೇ ಸುಳ್ಳು, ಎರಡು ತೀರ್ಪು. ಇಬ್ಬರಿಗೂ ಬೇರೆ ಬೇರೆ ಧರ್ಮಶಾಸ್ತ್ರ ಯಾಕ ಅಂತ ನಾವು ಕೇಳಬಾರದೇನು?

ವಿರಾಟನ ಮನೆಯ ಕಥೆಗೆ ದೊಡ್ಡ ಚಿತ್ರಕಾರರೂ ಸಿಕ್ಕರು. ರಾಜಾ ರವಿವರ್ಮ 1890ರ ಸುಮಾರಿಗೆ ಕೀಚಕ ಮತ್ತು ಸೈರಂಧ್ರಿಯ ಚಿತ್ರ ಬರೆದ. ರಾಣಿಯ ಅಪ್ಪಣೆಗೆ ಕಳ್ಳು ತರಲು ಹೋದ ದಾಸಿಯ ಮೇಲೆ ರಾಣಿಯ ತಮ್ಮ ಕೈಹಾಕುವ ಕಥೆ ಅದು. ನೋಡಿದವರ ಕರುಳು ಕಿವುಚುತ್ತದೆ, ಯಾಕಂದರೆ ಆ ದಾಸಿ ನಿಜಕ್ಕೂ ರಾಣಿ ಎಂದು ನಮಗೆ ಮೊದಲೇ ಗೊತ್ತು. ಅವಳ ಸಲುವಾಗಿ ಭೀಮ ಬರುತ್ತಾನೆ. ಅದೇ ಅರಮನೆಯಲ್ಲಿ ನಿಜವಾದ ದಾಸಿಯರೂ ಇದ್ದರಲ್ಲ? ಕೀಚಕ ಅವರನ್ನು ಬಿಟ್ಟಿದ್ದನೇ? ಅವರ ಚಿತ್ರವನ್ನು ಯಾರೂ ಬರೆಯಲಿಲ್ಲ. ಗೌಡರ ಹೊಲದಲ್ಲಿ ಕಳೆ ಕೀಳುವ ನಮ್ಮ ಅವ್ವಂದಿರಿಗೆ ಯಾವ ಭೀಮನೂ ರಾತ್ರಿ ನಾಟ್ಯಶಾಲೆಯಲ್ಲಿ ಕಾದು ಕೂಡಲಿಲ್ಲ.

1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಛಾಪಖಾನೆ ಹಾಕಿದ. ಅಚ್ಚಾದ ದೇವರು ಸಂತೆಗೆ ಬಂದರು. ಗುಡಿಯ ಹೊಸ್ತಿಲು ತುಳಿಯಲು ಬಿಡದ ಜನರ ಗುಡಿಸಲಿಗೂ ಲಕ್ಷ್ಮಿ, ಸರಸ್ವತಿ ಬಂದು ಮೊಳೆಗೆ ತೂಗಿದರು. ಇದು ಸಣ್ಣ ಮಾತಲ್ಲ. ಆದರೆ ಬಂದವರೆಲ್ಲ ಬಿಳಿ ಬಣ್ಣದ, ಜರಿ ಸೀರೆಯ ದೇವತೆಯರು. ಮೂಲ ಭಾರತ ಕೃಷ್ಣೆ, ಅಂದರೆ ಕಪ್ಪಿನವಳು, ಎಂದು ಕರೆದ ದ್ರೌಪದಿಯೂ ಬಣ್ಣದಲ್ಲಿ ಬೆಳ್ಳಗಾದಳು.

ಪುರಾಣವನ್ನು ಹಿಂಗ ಕೆದಕಬಾರದು ಎನ್ನುವವರಿಗೆ ಒಂದು ಮಾತು. 1907ರಲ್ಲಿ ಖಾಡಿಲ್ಕರರು ಮರಾಠಿಯಲ್ಲಿ ‘ಕೀಚಕವಧ’ ನಾಟಕ ಬರೆದರು. ಜನ ಕೀಚಕನಲ್ಲಿ ಕರ್ಜನ್ ಸಾಹೇಬನನ್ನು ಕಂಡರು. ಸರ್ಕಾರ 1910ರಲ್ಲಿ ನಾಟಕವನ್ನು ನಿಷೇಧಿಸಿತು. ಅಂದು ಪುರಾಣ ತಿರುಗಿಸಿ ಓದಿದ್ದು ದೇಶಭಕ್ತಿ. ಅದಕ್ಕೂ ಮೊದಲು, 1873ರಲ್ಲೇ, ಜೋತಿಬಾ ಫುಲೆ ‘ಗುಲಾಮಗಿರಿ’ಯಲ್ಲಿ ದಶಾವತಾರವನ್ನು ತಿರುಗಿಸಿ ಓದಿದ್ದರು. ಅದು ಮಾತ್ರ ಧರ್ಮದ್ರೋಹ!

ವೇಷ ಹಾಕದವರ ಗತಿಯನ್ನೂ ನಮ್ಮ ಸೀಮೆ ಕಂಡಿದೆ. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸ ತಾನು ಕುರುಬನೆಂಬುದನ್ನು ಮುಚ್ಚಲಿಲ್ಲ. ಕ್ಯಾಲೆಂಡರಿನ ಚಿತ್ರದಲ್ಲಿ ಅವನು ಇಂದಿಗೂ ಉಡುಪಿಯ ಗೋಡೆಯ ಹೊರಗೇ ಕೂತು ತಂಬೂರಿ ಮೀಟುತ್ತಿದ್ದಾನೆ. ದೇವರು ತಿರುಗಿದ, ಗೋಡೆ ಬಿರಿಯಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಚಿತ್ರ ನೋಡಿ ಕೈಮುಗಿಯುವವರು ದೇವರು ತಿರುಗಿದ್ದನ್ನು ನೋಡುತ್ತಾರೆ. ನಾವು ಬಾಗಿಲು ನೋಡುತ್ತೇವೆ.

ಸವಣೂರಿನ ಚಿತ್ರವನ್ನು ಯಾವ ಕುಂಚವೂ ಬರೆಯಲಿಲ್ಲ. 2010ರ ಜುಲೈನಲ್ಲಿ, ತಲೆಮಾರುಗಳಿಂದ ಊರಿನ ಮಲ ಬಳಿದ ಭಂಗಿ ಕುಟುಂಬಗಳ ಜನ, ತಮ್ಮನ್ನು ಇದ್ದ ನೆಲದಿಂದ ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಅದೇ ಮಲವನ್ನು ಮೈಮೇಲೆ ಸುರಿದುಕೊಂಡರು. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆಯ ಮೇಲೆ ಮಲ ಹೊರುವುದು ನಿಷೇಧವಾಗಿತ್ತು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿತ್ತು. ಆದರೂ 2010ರಲ್ಲಿ ಸುರಿದುಕೊಳ್ಳಲು ಮಲ ಅವರ ಕೈಗೆ ಹತ್ತಿರವೇ ಇತ್ತು. ಅವರು ಬ್ರಾಹ್ಮಣರೆಂದು ಹೇಳಿಕೊಳ್ಳಲಿಲ್ಲ. ಈ ಸಮಾಜ ತಮಗೆ ಯಾವ ಬಣ್ಣ ಕೊಟ್ಟಿದೆಯೋ ಅದನ್ನೇ ಹಚ್ಚಿಕೊಂಡು ಬೀದಿಯಲ್ಲಿ ನಿಂತರು. ಅದರ ಫೋಟೋ ನೋಡಿದವರು ಮುಖ ತಿರುಗಿಸಿದರು.

ಗೆಳೆಯರೆ, ಅಂಬೇಡ್ಕರರು 1936ರ ‘ಜಾತಿ ವಿನಾಶ’ದಲ್ಲಿ ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದರು. ನಮ್ಮ ಕಥೆಯ ಹುಡುಗ ಆ ಮದ್ದನ್ನು ಎಂದೋ ಕುಡಿದಿದ್ದ. ಅವನು ಯಾಕೆ ಸುಳ್ಳು ಹೇಳಿದ? ನಿಜ ಹೇಳಿದ್ದರೆ ಹೆಣ್ಣು ಕೊಡುತ್ತಿದ್ದರೇ? ಇವತ್ತೂ ಪೇಟೆಯಲ್ಲಿ ಬಾಡಿಗೆ ಮನೆ ಕೇಳುವಾಗ ನಮ್ಮಲ್ಲಿ ಎಷ್ಟು ಮಂದಿ ನಾಲಗೆ ಕಚ್ಚಿಕೊಳ್ಳುತ್ತಾರೆ? ಅವ್ವ ಊರಿಂದ ಬಂದಾಗ ಓನರ್ ಮುಂದೆ ಏನು ಮಾತಾಡಿಬಿಡುತ್ತಾಳೋ ಎಂದು ಎಷ್ಟು ಮಂದಿ ಅಂಜುತ್ತಾರೆ? ಆ ಮುದುಕಿ ಮಾಡಿದ ತಪ್ಪೆಂದರೆ ಮಗನ ಮನೆಯಲ್ಲಿ ಮನಸ್ಸು ಬಿಚ್ಚಿ ಊಟವನ್ನು ಹೊಗಳಿದ್ದು.

ಮುಂದಿನ ಜಾತ್ರೆಗೆ ದ್ಯಾಮವ್ವಗ ಮತ್ತೆ ಬಣ್ಣ ಹಚ್ಚತಾರ. ಹಚ್ಚಲಿ. ನಾವು ಹಲಗೆ ಕೆಳಗಿಟ್ಟು ನಮ್ಮ ಮಕ್ಕಳನ್ನು ಹತ್ತಿರ ಕೂಡ್ರಿಸಿಕೊಂಡು ಕಥೆಯನ್ನು ಬೇರೆ ರೀತಿ ಹೇಳೋಣ. ಒಂದೂರಾಗ ಒಬ್ಬ ಹುಡುಗ, ಒಬ್ಬಾಕಿ ಹುಡುಗಿ ಇದ್ದರು. ಮದುವಿ ಮಾಡಿಕೊಂಡ್ರು. ಊರವರು ಅವನ್ನ ಕೊಂದ್ರು. ಕೊಂದದ್ದನ್ನು ಮುಚ್ಚಲಿಕ್ಕೆ ಅವಳನ್ನ ದೇವರು ಮಾಡಿದ್ರು, ಅವನ್ನ ಕೋಣ ಮಾಡಿದ್ರು.