ಟೋಕನ್ ರಿಂಗ್: ದೋಷ ನಿಗಾ

ಐಬಿಎಂ 1985ರಲ್ಲಿ ಮಾರುಕಟ್ಟೆಗೆ ತಂದ ಟೋಕನ್ ರಿಂಗ್ ಜಾಲದಲ್ಲಿ ಕೆಡುತ್ತಿರುವ ಕೇಬಲ್, ಅಡಾಪ್ಟರ್‌ಗಳನ್ನು ಪತ್ತೆಹಚ್ಚುವ ವ್ಯವಸ್ಥೆ ಇದು. ಇಲ್ಲಿ ಫ್ರೇಮು, ಅಂದರೆ ದತ್ತಾಂಶದ ಕಂತೆ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟುತ್ತ ಸುತ್ತು ಹಾಕುತ್ತದೆ. ಅದು ಕೆಟ್ಟಿರುವುದನ್ನು ಮೊದಲು ಕಂಡ ಕಂಪ್ಯೂಟರು ಫ್ರೇಮಿನ ಕೊನೆಯಲ್ಲಿರುವ ದೋಷಸೂಚಕ ಬಿಟ್ಟನ್ನು 1 ಮಾಡಿ, ತನ್ನ ಲೆಕ್ಕಕ್ಕೆ ಒಂದು ‘ಲೈನ್ ಎರರ್’ ಸೇರಿಸಿಕೊಳ್ಳುತ್ತದೆ. ಆ ಗುರುತು ಕಂಡ ಮುಂದಿನವು ಅದನ್ನು ಎಣಿಸುವುದಿಲ್ಲ. ಹಾಗಾಗಿ ಒಂದೇ ತಪ್ಪು ಹತ್ತು ಕಡೆ ದಾಖಲಾಗದು. ಸುಮಾರು 2 ಸೆಕೆಂಡು ಕೂಡಿಟ್ಟ ಎಣಿಕೆ, ಹಿಂದಿನ ನೆರೆಯ ಕಂಪ್ಯೂಟರಿನ ವಿಳಾಸದೊಂದಿಗೆ, ನಿಗಾ ಕೇಂದ್ರಕ್ಕೆ ಹೋಗುತ್ತದೆ. ಹೀಗಾಗಿ ಹುಡುಕಾಟ ಆ ಎರಡು ಕಂಪ್ಯೂಟರು ಮತ್ತು ನಡುವಿನ ತಂತಿಗೆ ಸೀಮಿತ. ಯಾವುದಾದರೂ ಕಂಪ್ಯೂಟರು ರಿಂಗಿಗೆ ಸೇರುವಾಗ, ಬಿಡುವಾಗ ಒಂದೆರಡು ದೋಷ ಸಹಜ. ಒಂದೇ ಜೋಡಿಯಿಂದ ಪದೇಪದೇ ವರದಿ ಬಂದರೆ ಮಾತ್ರ ಕೇಬಲ್ ಕಳಚಿ ನೋಡಬೇಕು.