ಇಲ್ಲಿ ಓಡಿದ ಪ್ರೋಗ್ರಾಂ ಅಲ್ಲೇಕೆ ನಿಂತಿತು?

ಕಂಪ್ಯೂಟರ್ ಎಂದೊಡನೆ ಅದು ಲೆಕ್ಕ ತಪ್ಪದ ಯಂತ್ರ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹಾಗಿದ್ದರೆ ಒಂದು ಕಂಪ್ಯೂಟರಿನಲ್ಲಿ ಸೊಗಸಾಗಿ ಓಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಮುಗ್ಗರಿಸುವುದೇಕೆ? ಪ್ರೋಗ್ರಾಂ ಅದೇ. ಬದಲಾಗಿರುವುದು ಅದು ನಿಂತ ನೆಲ, ಅಂದರೆ ಆಪರೇಟಿಂಗ್ ಸಿಸ್ಟಂ. ಕಡತ ತೆರೆಯಲು, ಪರದೆಯ ಮೇಲೆ ಅಕ್ಷರ ಮೂಡಿಸಲು, ಮೆಮೊರಿಯಲ್ಲಿ ಜಾಗ ಪಡೆಯಲು ಪ್ರೋಗ್ರಾಂ ಈ ಸಿಸ್ಟಂ ಅನ್ನೇ ಕೇಳಬೇಕು. ಸಿಸ್ಟಂನ ಆವೃತ್ತಿ ಬದಲಾದರೆ ಅದು ಕೊಡುವ ಉತ್ತರವೂ ಬದಲಾಗಬಹುದು.

ಒಂದು ಉದಾಹರಣೆ ನೋಡಿ. 1995ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 95 ಅನ್ನು ಬಿಡುಗಡೆ ಮಾಡಿತು. ತಮಗೆ ಕನಿಷ್ಠ 3.10ನೇ ಆವೃತ್ತಿಯಾದರೂ ಬೇಕು ಎಂದು ಪರಿಶೀಲಿಸುವ ಹಳೆಯ ಪ್ರೋಗ್ರಾಂಗಳು ಆಗ ಹಲವಿದ್ದವು. ಅವುಗಳಲ್ಲಿ ಕೆಲವು ಬಿಂದುವಿನ ಎರಡೂ ಕಡೆಯ ಅಂಕಿಗಳನ್ನು ಬೇರೆಬೇರೆಯಾಗಿ ನೋಡುತ್ತಿದ್ದವು. ಹೊಸ ಸಿಸ್ಟಂ ತನ್ನನ್ನು 4.00 ಎಂದು ಹೇಳಿಕೊಂಡರೆ ಏನಾಗುತ್ತದೆ? 4 ಎಂಬುದು 3ಕ್ಕಿಂತ ದೊಡ್ಡದು, ಸರಿ. ಆದರೆ 0 ಎಂಬುದು 10ಕ್ಕಿಂತ ಚಿಕ್ಕದು! ಹೊಸ ಸಿಸ್ಟಂ ಹಳೆಯದೆಂದು ತಳ್ಳಿಹಾಕಲ್ಪಡುತ್ತಿತ್ತು. ಆದ್ದರಿಂದ ವಿಂಡೋಸ್ 95 ಅಂಥ ಹಳೆಯ ಪ್ರೋಗ್ರಾಂಗಳಿಗೆ ತಾನು 3.95 ಎಂದು ಹೇಳಿಕೊಳ್ಳಬೇಕಾಯಿತು. ತಪ್ಪು ಮೊದಲಿನಿಂದಲೂ ಪ್ರೋಗ್ರಾಂಗಳಲ್ಲೇ ಇತ್ತು; ಅದು ಹೊರಬಿದ್ದದ್ದು ನೆಲ ಬದಲಾದಾಗ ಮಾತ್ರ.

ಇದು ನಗುವ ವಿಷಯವೆನಿಸಬಹುದು. ಆದರೆ ಪರಿಸರ ಬದಲಾದರೂ ಮರುಪರೀಕ್ಷೆ ನಡೆಸದಿದ್ದರೆ ತೆರಬೇಕಾಗುವ ಬೆಲೆಯನ್ನು ಮರುವರ್ಷವೇ ಜಗತ್ತು ಕಂಡಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರು ನೆಲೆಯಿಂದ ಯೂರೋಪಿನ ಏರಿಯಾನ್ 5 ರಾಕೆಟ್ ಮೊದಲ ಬಾರಿಗೆ ಮೇಲೇರಿತು. ಅದರ ದಿಕ್ಕು ತಿಳಿಸುವ ಉಪಕರಣದ ಪ್ರೋಗ್ರಾಂ ಏರಿಯಾನ್ 4ರಿಂದ ಬಂದದ್ದು. ಅಲ್ಲಿ ಚೆನ್ನಾಗಿ ನಡೆದದ್ದು. ಆದರೆ ಹೊಸ ರಾಕೆಟ್ಟಿನ ಸಮತಲ ವೇಗ ಬಹಳ ಬೇಗ ಏರುತ್ತಿತ್ತು. ಆ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕವಾಗಿ ಪರಿವರ್ತಿಸಬೇಕಿತ್ತು. ಅಂಥ ಪೂರ್ಣಾಂಕದಲ್ಲಿ ಹಿಡಿಸುವ ಗರಿಷ್ಠ ಬೆಲೆ 32,767. ಸಂಖ್ಯೆ ಅದನ್ನು ಮೀರಿತು. ಉಪಕರಣವೂ, ಅದೇ ಪ್ರೋಗ್ರಾಂ ಹೊಂದಿದ್ದ ಬದಲಿ ಉಪಕರಣವೂ ಕೈಕೊಟ್ಟವು. ಎಂಜಿನ್ ಹೊತ್ತಿಕೊಂಡು ನಲವತ್ತು ಸೆಕೆಂಡು ಆಗುವಷ್ಟರಲ್ಲಿ ರಾಕೆಟ್ ದಾರಿ ತಪ್ಪಿ, ನಾಲ್ಕು ವೈಜ್ಞಾನಿಕ ಉಪಗ್ರಹಗಳೊಂದಿಗೆ ನಾಶವಾಯಿತು. ಏರಿಯಾನ್ 5ರ ಹಾರಾಟದ ಪಥಕ್ಕೆ ಹೊಂದುವ ಪರೀಕ್ಷೆಯನ್ನು ಆ ಉಪಕರಣದ ಮೇಲೆ ನಡೆಸಿಯೇ ಇರಲಿಲ್ಲವೆಂದು ತನಿಖಾ ಮಂಡಳಿ ವರದಿ ಮಾಡಿತು.

ಹಾಗಾದರೆ ಎಲ್ಲ ನೆಲದ ಮೇಲೂ ಪರೀಕ್ಷಿಸುವುದು ಹೇಗೆ? ಮನುಷ್ಯನೊಬ್ಬ ಕುಳಿತು ಕೀಲಿ ಒತ್ತುತ್ತಾ ಹೋದರೆ ಮುಗಿಯುವ ಕೆಲಸವಲ್ಲ. ಪರೀಕ್ಷಿಸುವ ಕೆಲಸವನ್ನೂ ಪ್ರೋಗ್ರಾಮಿಗೇ ಒಪ್ಪಿಸಬೇಕು. ಇದಕ್ಕೊಂದು ಸರಳ ದಾರಿ ತೋರಿಸಿದವರಲ್ಲಿ ಅಮೆರಿಕದ ಲ್ಯಾರಿ ವಾಲ್ ಒಬ್ಬರು. ಭಾಷಾವಿಜ್ಞಾನ ಓದಿದ್ದ ಅವರು 1987ರ ಡಿಸೆಂಬರ್‌ನಲ್ಲಿ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದರು. ಆಗ ಯೂನಿಕ್ಸ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಹಲವು ತಳಿಗಳಿದ್ದವು: ಸನ್ ಕಂಪನಿಯದು ಒಂದು, ಐಬಿಎಂನದು ಇನ್ನೊಂದು, ಡಿಜಿಟಲ್‌ನದು ಮತ್ತೊಂದು. ಅಷ್ಟೂ ಯಂತ್ರಗಳನ್ನು ಒಬ್ಬನೇ ಕೊಂಡು ಇಟ್ಟುಕೊಳ್ಳುವುದುಂಟೆ? ವಾಲ್ ತಮ್ಮ ಭಾಷೆಯ ಜೊತೆಗೇ ಒಂದು ಪರೀಕ್ಷಾ ಕಟ್ಟನ್ನೂ ಕಳುಹಿಸಿದರು. ಪ್ರೋಗ್ರಾಂ ಪಡೆದವರು ತಮ್ಮ ಯಂತ್ರದಲ್ಲಿ ಅದನ್ನು ಓಡಿಸಿದರಾಯಿತು. ಪ್ರತಿ ಪರೀಕ್ಷೆಗೂ ಒಂದು ಸಾಲು ಮೂಡುತ್ತದೆ: 'ಓಕೆ 1', 'ಓಕೆ 2', ತಪ್ಪಿದ್ದರೆ 'ನಾಟ್ ಓಕೆ 3'. ನಿಮ್ಮ ಗಣಿತದ ಮೇಷ್ಟ್ರು ಉತ್ತರಪತ್ರಿಕೆಯ ಅಂಚಿನಲ್ಲಿ ಹಾಕುವ ಸರಿ–ತಪ್ಪು ಗುರುತುಗಳಂತೆ!

ಈ ಬೀಜ ಮರವಾಯಿತು. 1995ರಲ್ಲಿ ಪರ್ಲ್ ಬಳಕೆದಾರರು ತಾವು ಬರೆದದ್ದನ್ನು ಹಂಚಿಕೊಳ್ಳಲು ಸೀಪ್ಯಾನ್ ಎಂಬ ಭಂಡಾರ ಕಟ್ಟಿದರು. 1998ರಲ್ಲಿ ಅದರ ಸುತ್ತ ಪರೀಕ್ಷಕರ ಬಳಗವೊಂದು ಹುಟ್ಟಿತು. ಅವರು ಸ್ವಯಂಸೇವಕರು. ಭಂಡಾರಕ್ಕೆ ಹೊಸದೇನು ಬಂದರೂ ಅವರ ಯಂತ್ರಗಳು ಅದನ್ನು ಪರೀಕ್ಷಿಸಿ, ಯಾವ ಸಿಸ್ಟಂನ ಯಾವ ಆವೃತ್ತಿಯಲ್ಲಿ ಪಾಸು, ಯಾವುದರಲ್ಲಿ ಫೇಲು ಎಂದು ವರದಿ ಕಳುಹಿಸುತ್ತಿದ್ದವು. ಬರೆದವನು ಕಣ್ಣಿಂದಲೇ ಕಾಣದ ಯಂತ್ರದಲ್ಲೂ ಅವನ ಪ್ರೋಗ್ರಾಂ ಪರೀಕ್ಷೆಗೆ ಕುಳಿತಿತು.

ಇನ್ನೊಂದು ದಾರಿ ಯಂತ್ರದೊಳಗೆ ಯಂತ್ರವನ್ನು ಕಲ್ಪಿಸುವುದು. ಐಬಿಎಂ 1972ರಲ್ಲೇ ವಿಎಂ/370 ಎಂಬ ವ್ಯವಸ್ಥೆಯನ್ನು ತಂದು, ಒಂದೇ ದೊಡ್ಡ ಕಂಪ್ಯೂಟರಿನಲ್ಲಿ ಹಲವು ಆಪರೇಟಿಂಗ್ ಸಿಸ್ಟಂಗಳನ್ನು ಅಕ್ಕಪಕ್ಕದಲ್ಲಿ ಓಡಿಸಿತ್ತು. 1999ರಲ್ಲಿ ವಿಎಂವೇರ್ ಕಂಪನಿ ಈ ಸೌಕರ್ಯವನ್ನು ಮೇಜಿನ ಮೇಲಿನ ಕಂಪ್ಯೂಟರಿಗೆ ತಂದಿತು. 2011ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ಟ್ರಾವಿಸ್ ಸಿಐಯಂಥ ಸೇವೆಗಳು, ಪ್ರೋಗ್ರಾಮಿನ ಒಂದು ಸಾಲು ಬದಲಾದರೂ ದೂರದ ಕಂಪ್ಯೂಟರುಗಳಲ್ಲಿ ಪರೀಕ್ಷೆಗಳು ತಾವಾಗಿಯೇ ನಡೆಯುವಂತೆ ಮಾಡಿದವು. ಮೂರು ಆಪರೇಟಿಂಗ್ ಸಿಸ್ಟಂ, ಪ್ರತಿಯೊಂದಕ್ಕೂ ನಾಲ್ಕು ಆವೃತ್ತಿ, ಪ್ರೋಗ್ರಾಮಿಂಗ್ ಭಾಷೆಯ ಐದು ಆವೃತ್ತಿ ಎಂದುಕೊಳ್ಳಿ. ಗುಣಿಸಿದರೆ 60 ಪರೀಕ್ಷಾ ಕೊಠಡಿಗಳಾದವು! ಮನುಷ್ಯರಿಗೆ ಬೇಸರ ಬರುತ್ತದೆ, ಯಂತ್ರಕ್ಕೆ ಬರುವುದಿಲ್ಲ.

ಇದಕ್ಕೂ ನಮ್ಮ ಕನ್ನಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಕಂಪ್ಯೂಟರಿಗೆ ಸುಲಭದ ಮಾತಲ್ಲ. ಈ ಕೆಲಸ ಮಾಡುವ ಪ್ರೋಗ್ರಾಂಗಳಲ್ಲಿ ಹಾರ್ಫ್‌ಬಝ್ ಒಂದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಇದನ್ನೇ ಬಳಸುತ್ತವೆ. 2012ರ ಸುಮಾರಿಗೆ ಅದರ ಮುಖ್ಯ ರಚನಕಾರ ಬೆಹ್ದಾದ್ ಇಸ್ಫಹಬೋದ್ ಭಾರತೀಯ ಲಿಪಿಗಳನ್ನು ಪರೀಕ್ಷಿಸಲು ವಿಕಿಪೀಡಿಯದ ಪದಗಳನ್ನು ಬಳಸಿಕೊಂಡರು. ಒಂದೊಂದು ಪದವನ್ನೂ ವಿಂಡೋಸ್ ಜೋಡಿಸುವ ಬಗೆಯೊಂದಿಗೆ ತಮ್ಮದನ್ನು ಹೋಲಿಸಿ ನೋಡಿದರು. ಕನ್ನಡಕ್ಕೇ ಒಂಬತ್ತು ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳು! ಇಂದು ನಿಮ್ಮ ಮೊಬೈಲಿನಲ್ಲಿ 'ರಾಷ್ಟ್ರ' ಎಂಬ ಪದ ಒಡೆಯದೆ ಕಾಣುವುದರ ಹಿಂದೆ ಇಂಥ ದುಡಿಮೆ ಇದೆ.

ಆದರೂ ಒಂದು ಎಚ್ಚರಿಕೆ ಬೇಕು. ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದೇ ಹೊರತು, ತಪ್ಪೇ ಇಲ್ಲವೆಂದು ಸಾಧಿಸಲಾಗದು ಎಂಬುದನ್ನು ಹಾಲೆಂಡಿನ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1969ರಷ್ಟು ಹಿಂದೆಯೇ ಒತ್ತಿ ಹೇಳಿದ್ದರು. ಅರವತ್ತೂ ಕೊಠಡಿಗಳಲ್ಲಿ 'ಓಕೆ' ಬಂದರೂ, ನಾವು ಕೇಳದೆ ಬಿಟ್ಟ ಪ್ರಶ್ನೆಗೆ ಯಂತ್ರ ಉತ್ತರಿಸದು. ಏರಿಯಾನ್ 5ರಲ್ಲಿ ಆದದ್ದೂ ಇದೇ: ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ನಿಮ್ಮ ಶಾಲೆ ಅಥವಾ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಾಗ, ಅದರ ಜೊತೆಗೆ ಐದು ಪರೀಕ್ಷೆಗಳನ್ನೂ ಬರೆಯಿರಿ. ಆಮೇಲೆ ಅದನ್ನು ಬೇರೆ ಸಿಸ್ಟಂ ಇರುವ ಗೆಳತಿಯ ಯಂತ್ರದಲ್ಲಿ ಓಡಿಸಿ ನೋಡಿ. 'ನಾಟ್ ಓಕೆ' ಬಂದರೆ ಬೇಸರ ಬೇಡ. ನಿಮ್ಮ ಕಲಿಕೆ ಶುರುವಾಗುವುದೇ ಆ ಸಾಲಿನಿಂದ.